ಕಂಪ್ಯೂಟರ್ ಬೂಟ್ ಆಗುತ್ತಿಲ್ಲವೇ? ಫೈಲ್ ಉಳಿಸಿಕೊಂಡು ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಪವರ್ ಬಟನ್ ಒತ್ತಿದರೆ ದೀಪ ಹೊತ್ತುತ್ತದೆ, ಫ್ಯಾನ್ ತಿರುಗುತ್ತದೆ, ಆದರೆ ವಿಂಡೋಸ್ ಬರುವುದಿಲ್ಲ. ಕಪ್ಪು ಪರದೆ, ನೀಲಿ ಪರದೆ, ಇಲ್ಲವೇ ಸುತ್ತುತ್ತಲೇ ಇರುವ ಚುಕ್ಕೆಗಳು. ಆ ಕ್ಷಣಕ್ಕೆ ಎಲ್ಲ ಹೋಯಿತು ಅನ್ನಿಸುವುದು ಸಹಜ. ಹೆಚ್ಚಿನ ಸಂದರ್ಭಗಳಲ್ಲಿ ಏನೂ ಹೋಗಿರುವುದಿಲ್ಲ. ಫೋಟೋ, ದಾಖಲೆ, ಲೆಕ್ಕಪತ್ರ ಎಲ್ಲವೂ ಡಿಸ್ಕಿನಲ್ಲಿ ಇದ್ದ ಜಾಗದಲ್ಲೇ ಇರುತ್ತವೆ. ಆಪರೇಟಿಂಗ್ ಸಿಸ್ಟಂ ಎದ್ದೇಳುವ ದಾರಿಯಲ್ಲಿ ಎಲ್ಲೋ ಒಂದು ಕೊಂಡಿ ಕಳಚಿರುತ್ತದೆ, ಅಷ್ಟೇ.

ಫೈಲುಗಳು ನಿಜಕ್ಕೂ ಕಳೆದುಹೋಗುವುದು ಬಹಳ ಸಲ ಇದಾದ ಮೇಲೆ, ಗಾಬರಿಯಲ್ಲಿ ಮಾಡುವ ರಿಪೇರಿಯಲ್ಲಿ. ಯಾರೋ ಹೇಳಿದರೆಂದು ಫಾರ್ಮ್ಯಾಟ್ ಮಾಡುವುದು, ಸಾಯುತ್ತಿರುವ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಸ್ಕ್ಯಾನ್ ಓಡಿಸುವುದು, ಇನ್‌ಸ್ಟಾಲ್ ಮಾಡುವಾಗ ತಪ್ಪು ಪಾರ್ಟಿಷನ್ (ಡಿಸ್ಕಿನ ಒಂದು ವಿಭಾಗ) ಅಳಿಸುವುದು. ಆದ್ದರಿಂದ ಈ ಮಾರ್ಗದರ್ಶಿಯ ಕ್ರಮ ಹೀಗಿದೆ: ಎಲ್ಲಿ ನಿಂತಿದೆ ಎಂದು ಗುರುತಿಸುವುದು, ಫೈಲುಗಳನ್ನು ಹೊರಗೆ ತೆಗೆಯುವುದು, ಆಮೇಲೆ ರಿಪೇರಿ. ದಯವಿಟ್ಟು ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ.

ಎಲ್ಲಿ ನಿಂತಿದೆ?

ಕಂಪ್ಯೂಟರ್ ಏಳುವುದು ಹಂತ ಹಂತವಾಗಿ. ಮೊದಲು ಮದರ್‌ಬೋರ್ಡಿನ ಫರ್ಮ್‌ವೇರ್ ಎಚ್ಚರಗೊಂಡು ಪ್ರೊಸೆಸರ್, ರ್‍ಯಾಮ್, ಡಿಸ್ಕ್‌ಗಳನ್ನು ಪರೀಕ್ಷಿಸುತ್ತದೆ. ಹಳೆಯ ಯಂತ್ರಗಳಲ್ಲಿ ಇದರ ಹೆಸರು ಬಯೋಸ್, ಈಗಿನವುಗಳಲ್ಲಿ ಯುಇಎಫ್‌ಐ. ನಂತರ ಅದು ಡಿಸ್ಕಿನಲ್ಲಿರುವ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಮನ್ನು ಹುಡುಕುತ್ತದೆ. ಬೂಟ್‌ಲೋಡರ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅನ್ನು ಮೆಮೊರಿಗೆ ತರುತ್ತದೆ, ಕರ್ನಲ್ ಡ್ರೈವರ್‌ಗಳನ್ನು (ಹಾರ್ಡ್‌ವೇರ್ ನಡೆಸುವ ಪ್ರೋಗ್ರಾಂಗಳನ್ನು) ಎಬ್ಬಿಸುತ್ತದೆ, ಕೊನೆಗೆ ಲಾಗಿನ್ ಪರದೆ. ಪರದೆಯ ಮೇಲೆ ಕೊನೆಯದಾಗಿ ಏನು ಕಂಡಿತು ಎನ್ನುವುದರಿಂದ ಯಾವ ಹಂತದಲ್ಲಿ ನಿಂತಿದೆ ಎಂದು ಹೇಳಬಹುದು.

ದೀಪವೂ ಇಲ್ಲ, ಫ್ಯಾನೂ ಇಲ್ಲ ಎಂದಾದರೆ ಅದು ವಿದ್ಯುತ್ತಿನ ಸಮಸ್ಯೆ: ಚಾರ್ಜರ್, ಕೇಬಲ್, ಪವರ್ ಸಪ್ಲೈ. ಫ್ಯಾನ್ ತಿರುಗಿಯೂ ಕಂಪನಿಯ ಲೋಗೋ ಕೂಡ ಬಾರದಿದ್ದರೆ, ಅಥವಾ ಬೀಪ್ ಸದ್ದು ಬಂದರೆ, ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಅಥವಾ ಮದರ್‌ಬೋರ್ಡ್ ಕಡೆ ನೋಡಬೇಕು. ಲೋಗೋ ಬಂದು "ನೋ ಬೂಟಬಲ್ ಡಿವೈಸ್" ಎಂದರೆ ಡಿಸ್ಕ್ ಕಾಣುತ್ತಿಲ್ಲ, ಇಲ್ಲವೇ ಬೂಟ್‌ಲೋಡರ್ ಇಲ್ಲ. 0ಎಕ್ಸ್‌ಸಿ000000ಎಫ್ ಅಥವಾ 0ಎಕ್ಸ್‌ಸಿ0000225 ಎಂಬ ಸಂಖ್ಯೆ ಕಂಡರೆ ಬೂಟ್‌ಲೋಡರ್ ಇದೆ, ಆದರೆ ಏನನ್ನು ಎಲ್ಲಿಂದ ಎಬ್ಬಿಸಬೇಕೆಂಬ ಅದರ ಪಟ್ಟಿ ಕೆಟ್ಟಿದೆ ಅಥವಾ ಅದು ಹುಡುಕುವ ಫೈಲ್ ಸಿಗುತ್ತಿಲ್ಲ. ವಿಂಡೋಸ್ ಲೋಗೋ ಬಂದ ಮೇಲೆ ನೀಲಿ ಪರದೆ (ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಕಪ್ಪು) ಬಂದರೆ ಕರ್ನಲ್ ಹಂತ, ಅಂದರೆ ಡ್ರೈವರ್, ಅಪ್‌ಡೇಟ್ ಅಥವಾ ಹಾರ್ಡ್‌ವೇರ್. ಲಾಗಿನ್ ಆದ ಮೇಲೆ ಕಪ್ಪು ಪರದೆಯಾದರೆ ಬೂಟ್ ಪೂರ್ತಿಯಾಗಿದೆ ಎಂದೇ ಲೆಕ್ಕ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆ ಮಾಡಿ ನೋಡಿ.

ಪರದೆಯ ಮೇಲಿನ ಸಂದೇಶವನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನೀಲಿ ಪರದೆಯ ಕೆಳಗಿರುವ ಸ್ಟಾಪ್ ಕೋಡ್ ಮತ್ತು ಅದರ ಜೊತೆ ಕೆಲವೊಮ್ಮೆ ಕಾಣುವ ಫೈಲ್ ಹೆಸರು ಮುಂದೆ ಬಹಳ ಸಮಯ ಉಳಿಸುತ್ತವೆ. ಇನ್ನೊಂದು ಪ್ರಶ್ನೆಗೂ ಉತ್ತರ ಬರೆದಿಡಿ: ಕೊನೆಯ ಸಲ ಸರಿಯಾಗಿ ಓಡಿದ ನಂತರ ಏನು ಬದಲಾಯಿತು? ಅಪ್‌ಡೇಟ್ ಬಂತೇ, ಹೊಸ ರ್‍ಯಾಮ್ ಹಾಕಿದಿರೇ, ಕರೆಂಟ್ ಹೋಯಿತೇ, ಲ್ಯಾಪ್‌ಟಾಪ್ ಬಿತ್ತೇ? ಅರ್ಧ ರೋಗನಿದಾನ ಈ ಉತ್ತರದಲ್ಲೇ ಇರುತ್ತದೆ.

ಏನನ್ನೂ ಬದಲಿಸುವ ಮೊದಲು ಬಿಟ್‌ಲಾಕರ್ ಕೀ ಹುಡುಕಿ

ಇದನ್ನು ಹಲವರು ಕೊನೆಗೆ ನೆನಪಿಸಿಕೊಳ್ಳುತ್ತಾರೆ. ಈಗಿನ ಬಹಳಷ್ಟು ವಿಂಡೋಸ್ ಲ್ಯಾಪ್‌ಟಾಪ್‌ಗಳ ಡಿಸ್ಕ್ ಬಿಟ್‌ಲಾಕರ್ ಎಂಬ ವ್ಯವಸ್ಥೆಯಿಂದ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ (ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ), ಅದು ಮಾಲೀಕರಿಗೆ ಗೊತ್ತಿರದೆಯೂ ಇರಬಹುದು. ಫರ್ಮ್‌ವೇರ್ ಸೆಟ್ಟಿಂಗ್ ಬದಲಿಸಿದರೆ, ಸೆಕ್ಯೂರ್ ಬೂಟ್ (ನಂಬಿಕಸ್ಥ ಬೂಟ್‌ಲೋಡರ್‌ಗಳನ್ನು ಮಾತ್ರ ಬಿಡುವ ಭದ್ರತೆ) ಆಫ್ ಮಾಡಿದರೆ ಅಥವಾ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುತ್ತಿದ್ದರೆ ಫೋನಿನಿಂದ ಅದೇ ಖಾತೆಗೆ ಹೋಗಿ, ಸಾಧನಗಳ ಪಟ್ಟಿಯಲ್ಲಿ ಕೀ ಹುಡುಕಿ. ಕಚೇರಿಯ ಯಂತ್ರವಾದರೆ ಐಟಿ ವಿಭಾಗದವರ ಬಳಿ ಇರುತ್ತದೆ. ಕೀ ಇಲ್ಲದೆ ಆ ಡಿಸ್ಕನ್ನು ಯಾವ ತಂತ್ರಜ್ಞರೂ ತೆರೆಯಲಾರರು, ಹಾಗಾಗಿ ಅದು ಕೈಗೆ ಸಿಗುವ ತನಕ ಫರ್ಮ್‌ವೇರ್ ಮುಟ್ಟಬೇಡಿ.

ಹೊರಗಿನಿಂದ ಶುರುಮಾಡಿ

ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಪ್ರಿಂಟರ್, ಹೊರಗಿನ ಹಾರ್ಡ್‌ಡಿಸ್ಕ್, ಡಾಕ್ ಎಲ್ಲವನ್ನೂ ಕಳಚಿ. ಮರೆತು ಬಿಟ್ಟ ಒಂದು ಪೆನ್‌ಡ್ರೈವಿನಿಂದಲೇ ಬೂಟ್ ಆಗಲು ಯಂತ್ರ ಹೆಣಗುತ್ತಿರಬಹುದು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು, ಬ್ಯಾಟರಿ ಕಳಚುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ನಂತರ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಇದು ಸರಳವೆನಿಸಿದರೂ ಸಿಕ್ಕಿಕೊಂಡ ಫರ್ಮ್‌ವೇರನ್ನು ಬಿಡಿಸಿದ ಉದಾಹರಣೆಗಳು ಸಾಕಷ್ಟಿವೆ.

ಲೋಗೋ ಕೂಡ ಬಾರದ ಡೆಸ್ಕ್‌ಟಾಪ್ ಆದರೆ ವಿದ್ಯುತ್ ಸಂಪರ್ಕ ತೆಗೆದು, ಲೋಹದ ಕ್ಯಾಬಿನೆಟ್ ಮುಟ್ಟಿ ಮೈಯ ಸ್ಥಿರವಿದ್ಯುತ್ ಇಳಿಸಿ, ರ್‍ಯಾಮ್ ಕಡ್ಡಿಗಳನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಎರಡಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಈಗ ಫರ್ಮ್‌ವೇರ್ ಪರದೆಗೆ ಹೋಗಿ. ಆನ್ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಕೀಯನ್ನು ಮತ್ತೆ ಮತ್ತೆ ಒತ್ತಬೇಕು. ಎಚ್‌ಪಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್10. ಅಲ್ಲಿ ಮೂರು ಸಂಗತಿ ನೋಡಿ, ನೋಡಿ ಅಷ್ಟೇ. ಮೊದಲನೆಯದು, ನಿಮ್ಮ ಡಿಸ್ಕಿನ ಹೆಸರು ಪಟ್ಟಿಯಲ್ಲಿದೆಯೇ? ಇಲ್ಲದಿದ್ದರೆ ಸಾಫ್ಟ್‌ವೇರ್ ರಿಪೇರಿಯಿಂದ ಪ್ರಯೋಜನವಿಲ್ಲ. ಕೇಬಲ್ ಸಡಿಲವಾಗಿದೆ ಅಥವಾ ಡಿಸ್ಕ್ ಸತ್ತಿದೆ. ಎರಡನೆಯದು, ಬೂಟ್ ಕ್ರಮದಲ್ಲಿ "ವಿಂಡೋಸ್ ಬೂಟ್ ಮ್ಯಾನೇಜರ್" ಅಥವಾ ನಿಮ್ಮ ಲಿನಕ್ಸ್ (ವಿಂಡೋಸ್‌ನಂತೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹೆಸರು ಮೊದಲಿದೆಯೇ? ಮೂರನೆಯದು, ದಿನಾಂಕ ಸರಿಯಿದೆಯೇ?

ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿರುವ ಸಾಧ್ಯತೆ ಹೆಚ್ಚು. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಅದು 3 ವೋಲ್ಟಿನ ಸಿಆರ್2032. ಬ್ಯಾಟರಿ ಮುಗಿದಾಗ ಫರ್ಮ್‌ವೇರ್ ಸೆಟ್ಟಿಂಗ್‌ಗಳೂ ಮೂಲ ಸ್ಥಿತಿಗೆ ಮರಳಬಹುದು, ಅದರಲ್ಲಿ ಡಿಸ್ಕ್ ಕಂಟ್ರೋಲರ್ ವಿಧಾನವೂ (ಯಂತ್ರ ಡಿಸ್ಕಿನೊಡನೆ ವ್ಯವಹರಿಸುವ ಬಗೆ; ಎಎಚ್‌ಸಿಐ, ರೇಡ್ ಇಂಥವು) ಸೇರಿದೆ. ಎಎಚ್‌ಸಿಐ ಇದ್ದದ್ದು ರೇಡ್ ಆದರೆ, ಅಥವಾ ಇದರ ತಿರುವುಮುರುವಾದರೆ, ವಿಂಡೋಸ್ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂದು ನೀಲಿ ಪರದೆ ತೋರಿಸುತ್ತದೆ; ಇದರ ಸಂಖ್ಯೆ 0ಎಕ್ಸ್7ಬಿ. ಇಂಥ ಸಂದರ್ಭದಲ್ಲಿ ಮರುಸ್ಥಾಪನೆ ಬೇಕಿಲ್ಲ. ಹಳೆಯ ವಿಧಾನವನ್ನು ಮತ್ತೆ ಆರಿಸಿ ಉಳಿಸಿದರೆ ಸಾಕು. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಫಲ ಕಾಣದಿದ್ದರೆ ಮೊದಲಿನಂತೆ ಮಾಡಿ, ಆಮೇಲೆ ಮುಂದಿನದಕ್ಕೆ ಹೋಗಿ.

ಫೈಲುಗಳನ್ನು ಹೊರಗೆ ತೆಗೆಯಿರಿ

ಈಚೆಗೆ ಪೂರ್ತಿ ಬ್ಯಾಕಪ್ ಮಾಡಿದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಇಲ್ಲದಿದ್ದರೆ ಇದೇ ಇಡೀ ಕೆಲಸದ ಮುಖ್ಯ ಹಂತ, ಇಲ್ಲಿ ಆತುರ ಬೇಡ.

ಮೊದಲು ಕಿವಿಗೊಡಿ. ತಿರುಗುವ ಹಾರ್ಡ್‌ಡಿಸ್ಕ್ ಲಯಬದ್ಧವಾಗಿ ಟಕ್ ಟಕ್ ಎನ್ನುತ್ತಿದ್ದರೆ ಅಥವಾ ಕರಕರ ಉಜ್ಜುವ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ಒಳಗಿನ ಓದುವ ತಲೆ ತಟ್ಟೆಗೆ ತಾಗುತ್ತಿರಬಹುದು. ಓಡಿದ ಪ್ರತಿ ನಿಮಿಷವೂ ಇನ್ನಷ್ಟು ಫೈಲುಗಳನ್ನು ಕೆರೆದು ಹಾಕುತ್ತದೆ. ಅದರಲ್ಲಿರುವುದು ನಿಮಗೆ ಅಮೂಲ್ಯವಾಗಿದ್ದರೆ ನೇರ ಡೇಟಾ ರಿಕವರಿ ಪರಿಣತರ ಬಳಿಗೆ ಒಯ್ಯಿರಿ. ಫ್ರಿಜ್‌ನಲ್ಲಿಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಒಳಗೆ ತೇವ ಕಟ್ಟಿ ಉಳಿದದ್ದೂ ಹೋಗುತ್ತದೆ.

ಸದ್ದಿಲ್ಲದಿದ್ದರೆ ಲೈವ್ ಲಿನಕ್ಸ್ ಪೆನ್‌ಡ್ರೈವ್, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್, ಅತ್ಯುತ್ತಮ ಸಾಧನ. ಬೇರೊಂದು ಕಂಪ್ಯೂಟರಿನಲ್ಲಿ ಲಿನಕ್ಸ್‌ನ ಬಗೆಗಳಾದ ಉಬುಂಟು ಅಥವಾ ಫೆಡೋರಾದ ಐಎಸ್‌ಒ ಫೈಲ್ (ಇಡೀ ಸಿಸ್ಟಂನ ಪ್ರತಿ) ಇಳಿಸಿಕೊಂಡು, ರುಫಸ್ ಎಂಬ ಪ್ರೋಗ್ರಾಂ ಬಳಸಿ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ. ಕೆಟ್ಟ ಯಂತ್ರಕ್ಕೆ ಅದನ್ನು ಚುಚ್ಚಿ ಬೂಟ್ ಮೆನು ಕೀ ಒತ್ತಿ: ಡೆಲ್, ಲೆನೊವೊ, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಉಬುಂಟು ಮತ್ತು ಫೆಡೋರಾ ಎರಡೂ ಸೆಕ್ಯೂರ್ ಬೂಟ್ ಆನ್ ಇದ್ದಾಗಲೂ ಏಳುತ್ತವೆ, ಅದನ್ನು ಆಫ್ ಮಾಡಬೇಕಿಲ್ಲ. ಇನ್‌ಸ್ಟಾಲ್ ಎಂಬುದನ್ನು ಆರಿಸಬೇಡಿ. ಇನ್‌ಸ್ಟಾಲ್ ಮಾಡದೆ ಬಳಸಿ ನೋಡುವ ಆಯ್ಕೆಯನ್ನು ಒತ್ತಿ.

ಡೆಸ್ಕ್‌ಟಾಪ್ ಬಂದ ಮೇಲೆ ಫೈಲ್ ಮ್ಯಾನೇಜರಿನಲ್ಲಿ ನಿಮ್ಮ ವಿಂಡೋಸ್ ಪಾರ್ಟಿಷನ್ ತೆರೆಯಿರಿ. ಎನ್‌ಕ್ರಿಪ್ಟ್ ಆಗಿದ್ದರೆ 48 ಅಂಕಿಯ ಕೀ ಕೊಡಿ. "ಯೂಸರ್ಸ್" ಫೋಲ್ಡರಿನ ಒಳಗೆ ನಿಮ್ಮ ಹೆಸರು, ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಇರುತ್ತವೆ. ಮರೆಯುವಂಥವು ಕೆಲವಿವೆ: ಮರೆಯಾಗಿರುವ "ಆಪ್‌ಡೇಟಾ" ಫೋಲ್ಡರಿನ ಬ್ರೌಸರ್ ಪ್ರೊಫೈಲ್, ಔಟ್‌ಲುಕ್‌ನ ಮೇಲ್ ಫೈಲ್, ಅಕೌಂಟಿಂಗ್ ಸಾಫ್ಟ್‌ವೇರ್ ತನ್ನದೇ ಫೋಲ್ಡರಿನಲ್ಲಿ ಇಟ್ಟಿರುವ ದತ್ತಾಂಶ. ಇವೆಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲಿಸಿ, ನಕಲಾದ ನಾಲ್ಕಾರು ಫೈಲುಗಳನ್ನು ನಿಜಕ್ಕೂ ತೆರೆದು ನೋಡಿ. ಪಾರ್ಟಿಷನ್ ಓದಲು ಮಾತ್ರ ತೆರೆಯುತ್ತಿದ್ದರೆ ಹೆದರಬೇಡಿ, ಬಲವಂತವಾಗಿ ಬರೆಯುವ ಅನುಮತಿಯನ್ನೂ ಕೊಡಬೇಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಅದನ್ನು ಅರ್ಧ ನಿದ್ರೆಯಲ್ಲಿ ಬಿಟ್ಟಿರುತ್ತದೆ. ನಕಲಿಸಲು ಓದುವುದೇ ಸಾಕು. ಲಿನಕ್ಸ್‌ಗೆ ಡಿಸ್ಕೇ ಕಾಣದಿದ್ದರೆ ಇಂಟೆಲ್‌ನ ರೇಡ್ ವಿಧಾನ ಕಾರಣವಿರಬಹುದು.

ನಕಲು ಮಾಡುವಾಗ ಪದೇ ಪದೇ ತಡೆದರೆ, ವೇಗ ತೀರ ಕುಸಿದರೆ, ಫೈಲ್ ಫೈಲ್ ಆಗಿ ತೆಗೆಯುವುದನ್ನು ನಿಲ್ಲಿಸಿ. ಆಗ ಗ್ನೂ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಬಳಸಿ ಇಡೀ ಡಿಸ್ಕಿನ ಪ್ರತಿಬಿಂಬವನ್ನು ದೊಡ್ಡ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಅದು ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ಎತ್ತಿ, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಮಧ್ಯೆ ನಿಂತರೂ ಮ್ಯಾಪ್ ಫೈಲ್ ನೋಡಿ ಅಲ್ಲಿಂದಲೇ ಮುಂದುವರಿಯುತ್ತದೆ. ರಿಪೇರಿ ಪ್ರಯೋಗಗಳೆಲ್ಲ ಆ ಪ್ರತಿಯ ಮೇಲೆ, ಮೂಲದ ಮೇಲಲ್ಲ.

ಲೈವ್ ಲಿನಕ್ಸ್‌ನಲ್ಲಿ ಇರುವಾಗಲೇ ಡಿಸ್ಕಿನ ಆರೋಗ್ಯವನ್ನೂ ನೋಡಿಬಿಡಿ. "ಡಿಸ್ಕ್ಸ್" ಎಂಬ ಪ್ರೋಗ್ರಾಮಿನಲ್ಲಿ ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಇಡುವ ಲೆಕ್ಕ, ಸಿಗುತ್ತದೆ. ಸಾಟಾ ಡಿಸ್ಕಿನಲ್ಲಿ 5ನೇ ಗುಣಾಂಶ ಬದಲಿಸಲಾದ ಸೆಕ್ಟರ್‌ಗಳನ್ನು (ಡಿಸ್ಕಿನ ಪುಟ್ಟ ತುಣುಕುಗಳನ್ನು), 197ನೆಯದು ಓದಲಾಗದೆ ಕಾದಿರುವ ಸೆಕ್ಟರ್‌ಗಳನ್ನು ತೋರಿಸುತ್ತದೆ. ಈ ಎರಡು ಸೊನ್ನೆಯಲ್ಲಿದ್ದರೆ ನೆಮ್ಮದಿ. ಏರುತ್ತಾ ಹೋಗುತ್ತಿದ್ದರೆ ಆ ಡಿಸ್ಕಿನ ಮೇಲೆ ವಿಂಡೋಸ್ ರಿಪೇರಿ ಮಾಡುವುದು ವ್ಯರ್ಥ. ಹೊಸ ಡಿಸ್ಕ್ ಹಾಕಿ.

ವಿಂಡೋಸ್ ರಿಪೇರಿ

ವಿಂಡೋಸ್‌ಗೆ ತನ್ನದೇ ರಿಕವರಿ ಪರಿಸರವಿದೆ. ಸತತವಾಗಿ ಎರಡು ಸಲ ಬೂಟ್ ವಿಫಲವಾದರೆ ಮುಂದಿನ ಸಲ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ಬೇರೆ ಯಂತ್ರದಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ, ಕನಿಷ್ಠ 8 ಜಿಬಿ ಪೆನ್‌ಡ್ರೈವಿಗೆ ಇನ್‌ಸ್ಟಾಲರ್ ಬರೆದು, ಅದರಿಂದ ಬೂಟ್ ಮಾಡಿ "ರಿಪೇರ್ ಯುವರ್ ಕಂಪ್ಯೂಟರ್" ಒತ್ತಿ. ನಂತರ ಟ್ರಬಲ್‌ಶೂಟ್, ಅಲ್ಲಿಂದ ಅಡ್ವಾನ್ಸ್‌ಡ್ ಆಪ್ಷನ್ಸ್.

ಮೊದಲು ಸ್ಟಾರ್ಟಪ್ ರಿಪೇರ್ ಒಮ್ಮೆ ಓಡಿಸಿ. ಆಗಲಿಲ್ಲವೆಂದರೆ ಅದನ್ನೇ ಮತ್ತೆ ಮತ್ತೆ ಓಡಿಸುವುದರಿಂದ ಲಾಭವಿಲ್ಲ. ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ "ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್" ಆರಿಸಿ ಇತ್ತೀಚಿನ ಕ್ವಾಲಿಟಿ ಅಪ್‌ಡೇಟ್ ತೆಗೆಯಿರಿ. ಮುಂದಿನದು ಸಿಸ್ಟಂ ರಿಸ್ಟೋರ್: ಇದು ನಿಮ್ಮ ಸ್ವಂತ ಫೈಲುಗಳನ್ನು ಮುಟ್ಟುವುದಿಲ್ಲ, ಆ ದಿನಾಂಕದ ನಂತರ ಹಾಕಿದ ಪ್ರೋಗ್ರಾಂ ಮತ್ತು ಡ್ರೈವರ್‌ಗಳನ್ನು ಮಾತ್ರ ಹಿಂತೆಗೆಯುತ್ತದೆ.

ಸೇಫ್ ಮೋಡ್ ಬಹಳ ಶಕ್ತಿಯುತ ಸಾಧನ. ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ಮರುಚಾಲನೆಯಾದ ಮೇಲೆ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್‌ನೆಟ್ ಸಹಿತ. ಇದರಲ್ಲಿ ಅತ್ಯಗತ್ಯ ಡ್ರೈವರ್‌ಗಳಷ್ಟೇ ಏಳುತ್ತವೆ. ಸೇಫ್ ಮೋಡಿನಲ್ಲಿ ಬೂಟ್ ಆಯಿತೆಂದರೆ ವಿಂಡೋಸ್‌ನ ತಿರುಳು ಚೆನ್ನಾಗಿದೆ, ಹೊರಗಿನಿಂದ ಬಂದ ಯಾವುದೋ ಡ್ರೈವರ್ ಅಥವಾ ಸೇವೆ ಅಡ್ಡಿಯಾಗಿದೆ ಎಂದರ್ಥ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ಸಾಫ್ಟ್‌ವೇರಿನ ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಅಂದು ಕೈಯಾರೆ ಮಾಡಿದ ಪರಿಹಾರ ಇದೇ ಆಗಿತ್ತು: ಸೇಫ್ ಮೋಡ್ ಅಥವಾ ರಿಕವರಿ ಪರಿಸರಕ್ಕೆ ಹೋಗಿ ಆ ಒಂದು ಕೆಟ್ಟ ಫೈಲನ್ನು ಅಳಿಸಿ ಮರುಚಾಲನೆ ಮಾಡುವುದು. ಬಿಟ್‌ಲಾಕರ್ ಕೀ ಕೈಯಲ್ಲಿಲ್ಲದವರು ಅಲ್ಲೂ ತಡೆದು ನಿಂತರು.

ಇವ್ಯಾವುದೂ ಫಲಿಸದಿದ್ದರೆ ಕಮಾಂಡ್ ಪ್ರಾಂಪ್ಟ್. ಕೆಳಗಿನ ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ರಿಕವರಿ ಪರಿಸರದಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರಬಹುದು; ನಿಮ್ಮ ಸಿ: ಡ್ರೈವ್ ಅಲ್ಲಿ ಡಿ: ಆಗಿರಬಹುದು. ಇದನ್ನು ಪರೀಕ್ಷಿಸದೆ ಏನನ್ನೂ ಓಡಿಸಬೇಡಿ. ಒಂದು ಸುಲಭ ಉಪಾಯವಿದೆ: ಪ್ರಾಂಪ್ಟಿನಲ್ಲಿ "ನೋಟ್‌ಪ್ಯಾಡ್" ಎಂದು ಟೈಪ್ ಮಾಡಿ, ಫೈಲ್ ಮೆನುವಿನ ಓಪನ್ ಒತ್ತಿ, "ಆಲ್ ಫೈಲ್ಸ್" ಆರಿಸಿ. ಆ ಪುಟ್ಟ ಕಿಟಕಿಯಲ್ಲೇ ಎಲ್ಲ ಡ್ರೈವ್‌ಗಳನ್ನು ನೋಡಬಹುದು, ಫೈಲುಗಳನ್ನು ಕಾಪಿ ಮಾಡಿ ಹೊರಗಿನ ಡಿಸ್ಕಿಗೆ ಪೇಸ್ಟ್ ಕೂಡ ಮಾಡಬಹುದು.

ಬೂಟ್‌ಲೋಡರ್ ಕೆಟ್ಟಿದ್ದರೆ ಯುಇಎಫ್‌ಐ ಯಂತ್ರದಲ್ಲಿ ಹೀಗೆ ಮಾಡಿ:

1. "ಡಿಸ್ಕ್‌ಪಾರ್ಟ್" ಎಂದು ಟೈಪ್ ಮಾಡಿ ಎಂಟರ್ ಒತ್ತಿ, ನಂತರ "ಲಿಸ್ಟ್ ವಾಲ್ಯೂಮ್".
2. ಪಟ್ಟಿಯಲ್ಲಿ ಎಫ್‌ಎಟಿ32 ಎಂದಿರುವ, 100 ಎಂಬಿಯಿಂದ ಕೆಲವು ನೂರು ಎಂಬಿಯಷ್ಟು ಗಾತ್ರದ ವಾಲ್ಯೂಮ್ ಗುರುತಿಸಿ. ಅದೇ ಇಎಫ್‌ಐ ಸಿಸ್ಟಂ ಪಾರ್ಟಿಷನ್. ಪೆನ್‌ಡ್ರೈವೂ ಎಫ್‌ಎಟಿ32 ಆಗಿರಬಹುದು, ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ. ವಿಂಡೋಸ್ ಇರುವ ದೊಡ್ಡ ವಾಲ್ಯೂಮಿನ ಅಕ್ಷರವನ್ನೂ ಬರೆದಿಟ್ಟುಕೊಳ್ಳಿ.
3. "ಸೆಲೆಕ್ಟ್ ವಾಲ್ಯೂಮ್" ಎಂದು ಬರೆದು ಚಿಕ್ಕದರ ಸಂಖ್ಯೆ ಕೊಡಿ. ನಂತರ "ಅಸೈನ್ ಲೆಟರ್=ಝಡ್", ಆಮೇಲೆ "ಎಕ್ಸಿಟ್".
4. "ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಝಡ್: /ಎಫ್ ಯುಇಎಫ್‌ಐ". ಸಿ: ಬದಲು ನೀವು ಬರೆದಿಟ್ಟುಕೊಂಡ ಅಕ್ಷರ ಹಾಕಿ.

ಬೂಟ್ ಫೈಲುಗಳು ಯಶಸ್ವಿಯಾಗಿ ರಚನೆಯಾದವು ಎಂಬ ಸಂದೇಶ ಬಂದರೆ ಮರುಚಾಲನೆ ಮಾಡಿ. ಇಲ್ಲಿ ಫಾರ್ಮ್ಯಾಟ್ ಅಥವಾ ಕ್ಲೀನ್ ಎಂಬ ಪದಗಳ ಹತ್ತಿರವೂ ಹೋಗಬೇಡಿ. ಡಿಸ್ಕ್‌ಪಾರ್ಟ್‌ನಲ್ಲಿ ಕ್ಲೀನ್ ಎಂದರೆ ಇಡೀ ಡಿಸ್ಕಿನ ಪಾರ್ಟಿಷನ್ ಪಟ್ಟಿ ಮಾಯ. ಹಲವು ಕಡೆ ಹೇಳುವ "ಬೂಟ್‌ರೆಕ್ /ಫಿಕ್ಸ್‌ಎಂಬಿಆರ್", "/ಫಿಕ್ಸ್‌ಬೂಟ್" ಕಮಾಂಡ್‌ಗಳು ಹಳೆಯ ಬಯೋಸ್ ಮತ್ತು ಎಂಬಿಆರ್ (ಹಳೆಯ ಬಗೆಯ ಪಾರ್ಟಿಷನ್ ಪಟ್ಟಿ) ಡಿಸ್ಕಿಗೆ ಸರಿ. ಯುಇಎಫ್‌ಐ ಯಂತ್ರದಲ್ಲಿ ಫಿಕ್ಸ್‌ಬೂಟ್ ಅನೇಕ ಸಲ "ಆಕ್ಸೆಸ್ ಡಿನೈಡ್" ಎನ್ನುತ್ತದೆ, ಬಿಸಿಡಿಬೂಟ್ ಆ ಕೆಲಸವನ್ನು ನೇರವಾಗಿ ಮಾಡುತ್ತದೆ.

ಬೂಟ್‌ಲೋಡರ್ ಸರಿಯಿದ್ದೂ ಮುಂದೆ ಹೋಗದಿದ್ದರೆ ಸಿಸ್ಟಂ ಫೈಲುಗಳನ್ನು ನೋಡಿ. ಅರ್ಧಕ್ಕೆ ನಿಂತ ಅಪ್‌ಡೇಟ್ ಇದ್ದರೆ "ಡಿಸ್ಮ್ /ಇಮೇಜ್:ಸಿ:\ /ಕ್ಲೀನಪ್-ಇಮೇಜ್ /ರಿವರ್ಟ್‌ಪೆಂಡಿಂಗ್‌ಆಕ್ಷನ್ಸ್" ಅದನ್ನು ಹಿಂತೆಗೆಯುತ್ತದೆ. ನಂತರ "ಎಸ್‌ಎಫ್‌ಸಿ /ಸ್ಕ್ಯಾನ್‌ನೌ /ಆಫ್‌ಬೂಟ್‌ಡಿರ್=ಸಿ:\ /ಆಫ್‌ವಿನ್‌ಡಿರ್=ಸಿ:\ವಿಂಡೋಸ್". ಫೈಲ್ ಸಿಸ್ಟಂ ಗೊಂದಲಗೊಂಡಿದ್ದರೆ ಚೆಕ್‌ಡಿಸ್ಕ್, ಅಂದರೆ "ಸಿಎಚ್‌ಕೆಡಿಎಸ್‌ಕೆ ಸಿ: /ಎಫ್". ಇದಕ್ಕೆ /ಆರ್ ಸೇರಿಸಿದರೆ ಪ್ರತಿ ಸೆಕ್ಟರನ್ನೂ ಓದುತ್ತದೆ; ಡಿಸ್ಕ್ ದುರ್ಬಲವಾಗಿದ್ದರೆ ಆ ಶ್ರಮದಲ್ಲೇ ಅದು ಸಾಯಬಹುದು. ಫೈಲುಗಳ ಪ್ರತಿ ಬೇರೆ ಕಡೆ ಇಲ್ಲದೆ /ಆರ್ ಬೇಡವೇ ಬೇಡ.

ಲಿನಕ್ಸ್ ಮತ್ತು ಮ್ಯಾಕ್

ಲಿನಕ್ಸ್‌ನಲ್ಲಿ ಕರ್ನಲ್ ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಗ್ರಬ್ (ಲಿನಕ್ಸ್‌ನ ಬೂಟ್‌ಲೋಡರ್) ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಳೆಯ ಕರ್ನಲ್ ಆರಿಸಿ. ಬಹಳ ಸಲ ಅಲ್ಲಿಗೆ ಯಂತ್ರ ಏಳುತ್ತದೆ. ಎಮರ್ಜೆನ್ಸಿ ಮೋಡಿಗೆ ಬಿದ್ದರೆ ಎಫ್‌ಸ್ಟ್ಯಾಬ್ ಫೈಲಿನಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ) ಈಗ ಇಲ್ಲದ ಡಿಸ್ಕಿನ ಸಾಲು ಉಳಿದಿದೆಯೇ ನೋಡಿ, ಸಾಲಿನ ಮೊದಲಿಗೆ ಹ್ಯಾಶ್ ಗುರುತು ಹಾಕಿ ಮರುಚಾಲನೆ ಮಾಡಿ. ಡಿಸ್ಕ್ ತುಂಬಿಹೋಗಿದ್ದರೂ ಲಾಗಿನ್ ಪರದೆ ಬಾರದಿರಬಹುದು. ವಿಂಡೋಸ್ ಜೊತೆಗಿರುವ ಯಂತ್ರದಲ್ಲಿ ಗ್ರಬ್ ಕಾಣದಾದರೆ ಮೊದಲು ಫರ್ಮ್‌ವೇರಿನ ಬೂಟ್ ಕ್ರಮ ನೋಡಿ. ಅಲ್ಲೂ ಹೆಸರಿಲ್ಲದಿದ್ದರೆ ಲೈವ್ ಪೆನ್‌ಡ್ರೈವಿನಿಂದ ಎದ್ದು, ರೂಟ್ ಮತ್ತು ಇಎಫ್‌ಐ ಪಾರ್ಟಿಷನ್‌ಗಳನ್ನು ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಫೋಲ್ಡರ್‌ಗಳನ್ನು ಬೈಂಡ್ ಮಾಡಿ, ಸಿಎಚ್‌ರೂಟ್ ಕಮಾಂಡ್ ಮೂಲಕ ಡಿಸ್ಕಿನಲ್ಲಿರುವ ಲಿನಕ್ಸ್‌ನ ಒಳಹೊಕ್ಕು, ಉಬುಂಟು ಅಥವಾ ಡೆಬಿಯನ್ ಆದರೆ ಗ್ರಬ್-ಇನ್‌ಸ್ಟಾಲ್ ಮತ್ತು ಅಪ್‌ಡೇಟ್-ಗ್ರಬ್ ಓಡಿಸಿ.

ಆಪಲ್ ಚಿಪ್ ಇರುವ ಮ್ಯಾಕ್‌ನಲ್ಲಿ ಪವರ್ ಬಟನ್ ಒತ್ತಿ ಹಿಡಿದರೆ, ಇಂಟೆಲ್ ಮ್ಯಾಕ್‌ನಲ್ಲಿ ಆನ್ ಮಾಡುವಾಗ ಕಮಾಂಡ್ ಮತ್ತು ಆರ್ ಹಿಡಿದರೆ ರಿಕವರಿ ಬರುತ್ತದೆ. ಅಲ್ಲಿ ಡಿಸ್ಕ್ ಯುಟಿಲಿಟಿಯ ಫಸ್ಟ್ ಏಡ್ ಓಡಿಸಿ. ಆಗದಿದ್ದರೆ ಮ್ಯಾಕ್‌ಒಎಸ್ ಮರುಸ್ಥಾಪಿಸಿ. ಡಿಸ್ಕ್ ಅಳಿಸದೆ ಮರುಸ್ಥಾಪಿಸಿದರೆ ಫೈಲುಗಳು ಉಳಿಯುತ್ತವೆ.

ಮರುಸ್ಥಾಪನೆಯೇ ಗತಿಯಾದರೆ

"ರೀಸೆಟ್ ದಿಸ್ ಪಿಸಿ"ಯಲ್ಲಿ "ಕೀಪ್ ಮೈ ಫೈಲ್ಸ್" ಆರಿಸಿದರೆ ಫೈಲುಗಳು ಉಳಿದು, ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ. ಅದೂ ನಡೆಯದಿದ್ದರೆ ಪೆನ್‌ಡ್ರೈವಿನಿಂದ ಹೊಸದಾಗಿ ಹಾಕಿ. ಫಾರ್ಮ್ಯಾಟ್ ಮಾಡದೆ ಅದೇ ಪಾರ್ಟಿಷನ್ ಮೇಲೆ ಹಾಕಿದರೆ ಹಳೆಯದು "ವಿಂಡೋಸ್.ಓಲ್ಡ್" ಎಂಬ ಫೋಲ್ಡರಿಗೆ ಸರಿಯುತ್ತದೆ, ಮರೆತ ಫೈಲನ್ನು ಅಲ್ಲಿಂದ ಎತ್ತಿಕೊಳ್ಳಬಹುದು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲರಿಗೆ ಡಿಸ್ಕ್ ಕಾಣುವುದಿಲ್ಲ. ತಯಾರಕರ ತಾಣದಿಂದ ಇಂಟೆಲ್ ಸ್ಟೋರೇಜ್ ಡ್ರೈವರ್ ಇಳಿಸಿ, ಪೆನ್‌ಡ್ರೈವಿನಲ್ಲಿಟ್ಟು "ಲೋಡ್ ಡ್ರೈವರ್" ಮೂಲಕ ಕೊಡಿ. ಅದೇ ಯಂತ್ರದಲ್ಲಿ ವಿಂಡೋಸ್ ಹಿಂದೆ ಆಕ್ಟಿವೇಟ್ ಆಗಿದ್ದರೆ ಸಾಮಾನ್ಯವಾಗಿ ಕೀ ಕೇಳಿದಾಗ ಬಿಟ್ಟು ಮುಂದೆ ಹೋಗಬಹುದು; ಇಂಟರ್‌ನೆಟ್ ಸಿಕ್ಕ ಮೇಲೆ ಡಿಜಿಟಲ್ ಲೈಸೆನ್ಸ್ ತಾನೇ ಗುರುತಾಗುತ್ತದೆ.

ಎದ್ದ ಮೇಲೆ

ಯಂತ್ರ ಎದ್ದಿತೆಂದು ಕೆಲಸ ಮುಗಿದಿಲ್ಲ, ಏಕೆ ಬಿದ್ದಿತ್ತು ಎಂಬುದು ಗೊತ್ತಾಗಬೇಕು. ಬೇರೆ ಬೇರೆ ಸ್ಟಾಪ್ ಕೋಡ್‌ಗಳು ಬರುತ್ತಿದ್ದರೆ ರ್‍ಯಾಮ್ ಮೇಲೆ ಅನುಮಾನಪಡಿ: ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ದೋಷ ಕಂಡರೂ, ಆ ಕಡ್ಡಿಯನ್ನು ಮಾಮೂಲಿ ವೇಗದಲ್ಲಿ ಓಡಿಸಿಯೂ ಅದು ಬರುತ್ತಿದ್ದರೆ, ಬದಲಿಸಿ. ಕೆಟ್ಟ ರ್‍ಯಾಮ್ ಫೈಲುಗಳನ್ನು ಬರೆಯುವಾಗಲೇ ಸದ್ದಿಲ್ಲದೆ ಕೆಡಿಸುತ್ತಿರುತ್ತದೆ. ಸ್ಮಾರ್ಟ್ ಸಂಖ್ಯೆಗಳನ್ನು ಒಂದು ವಾರದ ನಂತರ ಮತ್ತೆ ನೋಡಿ, ಮೊದಲಿನದರ ಜೊತೆ ಹೋಲಿಸಿ.

ಸಿಸ್ಟಂ ಪ್ರೊಟೆಕ್ಷನ್ ಆನ್ ಮಾಡಿ ಒಂದು ರಿಸ್ಟೋರ್ ಪಾಯಿಂಟ್ ರಚಿಸಿ. ಬಿಟ್‌ಲಾಕರ್ ಕೀಯನ್ನು ಕಾಗದದ ಮೇಲೆ ಮುದ್ರಿಸಿ, ಕಂಪ್ಯೂಟರ್ ಇಡುವ ಚೀಲದಲ್ಲಲ್ಲದೆ ಬೇರೆ ಕಡೆ ಇಡಿ. ರಿಕವರಿ ಪೆನ್‌ಡ್ರೈವ್ ಮಾಡಿಟ್ಟುಕೊಂಡರೆ ಒಮ್ಮೆ ಅದರಿಂದ ಬೂಟ್ ಮಾಡಿ ನೋಡಿ, ನಿಮ್ಮ ಡಿಸ್ಕ್ ಅದಕ್ಕೆ ಕಾಣುತ್ತದೆಯೇ ಎಂದು ಖಚಿತಪಡಿಸಿಕೊಂಡು, ಬೂಟ್ ಮೆನು ಕೀ ಯಾವುದೆಂದು ಅದರ ಮೇಲೆಯೇ ಬರೆದು ಅಂಟಿಸಿ.